ಸಂತ ಶಿಶುನಾಳ ಶರೀಫರು ಮತ್ತು ಅವರ ತಂದೆ

ಶರೀಫರ ಪದಗಳನ್ನು ನಾವೆಲ್ಲರೂ ಹಾಡುತ್ತೇವೆ. ಆದರೆ ಅವರ ತಂದೆಯ ಬಗ್ಗೆ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಅದಕ್ಕೆ ಈ ಲೇಖನ ಬರೆದಿದ್ದೇನೆ.

ಶರೀಫರು 1819ರಲ್ಲಿ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ ಜನಿಸಿದರು. ಈ ಊರಿಗೇ ಶಿಶುನಾಳ ಅಂತ ಕರೀತಾರೆ. ನಮ್ಮ ಸವಣೂರು ತಾಲ್ಲೂಕಿನ ಪಕ್ಕದಲ್ಲೇ ಇರುವ ತಾಲ್ಲೂಕು ಅದು. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಬಹಳ ವರ್ಷ ಇವರಿಗೆ ಮಕ್ಕಳಿರಲಿಲ್ಲ. ಹುಲಗೂರಿನ ದರ್ಗಾಕ್ಕೆ ಹರಕೆ ಹೊತ್ತ ಮೇಲೆ ಈ ಮಗ ಹುಟ್ಟಿದ ಅಂತ ಹಿರಿಯರು ಹೇಳುತ್ತಾರೆ.

ಇಮಾಮ್ ಸಾಹೇಬರು ಹಜರೇಶ ಖಾದ್ರಿ ಎಂಬ ಗುರುಗಳ ಶಿಷ್ಯರು. ಹಿಂದೂ ಮುಸ್ಲಿಮರು ಒಂದಾಗಿ ಬಾಳಬೇಕು ಎಂಬುದು ಆ ಗುರುಗಳ ಆಸೆಯಾಗಿತ್ತು. ಇಮಾಮ್ ಸಾಹೇಬರು ಇದನ್ನು ಕೇಳಿ ಸುಮ್ಮನಾಗಲಿಲ್ಲ. ಮಗನಿಗೆ ರಾಮಾಯಣ, ಮಹಾಭಾರತದ ಕಥೆ ಹೇಳಿದರು. ಅಲ್ಲಮಪ್ರಭುಗಳ ಬೋಧನೆಯನ್ನೂ ಕಲಿಸಿದರು.

ಆಗ ಕಳಸದಲ್ಲಿ ಗೋವಿಂದ ಭಟ್ಟರು ಎಂಬ ಬ್ರಾಹ್ಮಣ ಗುರುಗಳಿದ್ದರು. ಅವರು ಜಾತಿ ನೋಡುತ್ತಿರಲಿಲ್ಲ. ಮಗನನ್ನು ಶಿಷ್ಯನನ್ನಾಗಿ ಮಾಡಿಕೊಳ್ಳಿ ಎಂದು ಇಮಾಮ್ ಸಾಹೇಬರು ಅವರನ್ನು ಕೇಳಿಕೊಂಡರು. ಭಟ್ಟರು ಹುಡುಗನಿಗೆ ನಿನ್ನಪ್ಪ ಯಾರು ಅಂತ ಕೇಳಿದರಂತೆ. ನಿಮ್ಮಪ್ಪ ಯಾರೋ ನನ್ನಪ್ಪನೂ ಅವನೇ ಅಂತ ಶರೀಫರು ನಗುತ್ತಾ ಹೇಳಿದರಂತೆ. ಭಟ್ಟರಿಗೆ ಬಹಳ ಸಂತೋಷವಾಗಿ, ಅವರನ್ನು ಮಗನಂತೆ ಸ್ವೀಕರಿಸಿದರು.

ಊರವರು ಸುಮ್ಮನಿರಲಿಲ್ಲ. ಎರಡೂ ಕಡೆಯ ಜನ ಆಡಿಕೊಂಡರು. ಆದರೆ ಗುರು ಶಿಷ್ಯರು ಒಬ್ಬರನ್ನೊಬ್ಬರು ಬಿಡಲಿಲ್ಲ. ಭಟ್ಟರು ಶರೀಫರಿಗೆ ಜನಿವಾರವನ್ನೇ ಹಾಕಿದರು ಎಂಬ ಕಥೆಯೂ ಇದೆ.

ಶರೀಫರು ಮುಲ್ಕಿ ಪರೀಕ್ಷೆ ಪಾಸಾಗಿ ಸ್ವಲ್ಪ ದಿನ ಶಾಲಾ ಮಾಸ್ತರರಾಗಿದ್ದರು. ಆಮೇಲೆ ಆ ಕೆಲಸ ಬಿಟ್ಟರು. ಮದುವೆಯಾಗಿ ಒಬ್ಬ ಮಗಳಿದ್ದಳು. ಮಗಳೂ ಹೆಂಡತಿಯೂ ತೀರಿಕೊಂಡರು. ಅಷ್ಟು ದುಃಖದಲ್ಲೂ ಅವರು ಪದ ಕಟ್ಟಿ ಹಾಡುವುದನ್ನು ಬಿಡಲಿಲ್ಲ. 1889ರಲ್ಲಿ ತೀರಿಕೊಂಡಾಗ ಹಿಂದೂಗಳೂ ಮುಸ್ಲಿಮರೂ ತಮ್ಮ ತಮ್ಮ ಪದ್ಧತಿಯಂತೆ ವಿಧಿ ಮಾಡಿದರು. 1990ರಲ್ಲಿ ಟಿ. ಎಸ್. ನಾಗಾಭರಣ ಅವರು ಶರೀಫರ ಮೇಲೆ ಸಿನಿಮಾ ತೆಗೆದರು.

ಈಗ ನನ್ನದೊಂದು ಮಾತು. ಹೋದ ವರ್ಷ ಒಂದು ಕಾರ್ಯದ ಊಟದಲ್ಲಿ ನನ್ನ ಗೆಳೆಯನೊಬ್ಬನನ್ನು ಬೇರೆ ಕೂಡ್ರಿಸಿದ್ದರು. ನಾನು ನೋಡಿಯೂ ನೋಡದಂಗ ಉಂಡು ಬಂದೆ. ಮನೆಯಲ್ಲಿ ಅಪ್ಪಗ ಹೇಳಿದೆ. ಅಪ್ಪ ಬೈಯಲಿಲ್ಲ. ನೀ ಹೋಗಿ ಅವನ ಬಾಜೂಕ ಯಾಕ ಕೂಡ್ರಲಿಲ್ಲ ಅಂತ ಅಷ್ಟೇ ಕೇಳಿದರು. ನನಗೆ ಉತ್ತರ ಬರಲಿಲ್ಲ. ಮುಂದಿನ ರವಿವಾರ ಅಪ್ಪ ನನ್ನನ್ನೂ ತಂಗಿಯನ್ನೂ ಶಿಶುನಾಳಕ್ಕೆ ಕರೆದುಕೊಂಡು ಹೋದರು. ಗದ್ದುಗೆಯ ಹತ್ತಿರ ಎಲ್ಲ ಜಾತಿಯವರೂ ಕೈ ಮುಗಿಯುತ್ತಿದ್ದರು. ಯಾರೂ ಯಾರನ್ನೂ ಬೇರೆ ನಿಲ್ಲಿಸಲಿಲ್ಲ. ಇಮಾಮ್ ಸಾಹೇಬರ ಕಥೆಯನ್ನು ಅಪ್ಪ ನಮಗೆ ಹೇಳಿದ್ದು ಅಲ್ಲೇ.

ಗೆಳೆಯರೇ, ಇಮಾಮ್ ಸಾಹೇಬರು ಜನರ ಮಾತಿಗೆ ಹೆದರಿದ್ದರೆ ನಮಗೆ ಶರೀಫರು ಸಿಗುತ್ತಿದ್ದರೇ? ಮುಂದಿನ ಸಲ ನಾನು ಆ ಗೆಳೆಯನ ಬಾಜೂಕೇ ಕೂಡ್ರುತ್ತೇನೆ. ಈ ಲೇಖನವನ್ನು ಮೊದಲು ಓದಿದವನೂ ಅವನೇ.

– 7ನೇ ತರಗತಿ ವಿದ್ಯಾರ್ಥಿ