ಡೇನಿಯಲ್ ಬೋವೆ

ಡೇನಿಯಲ್ ಬೋವೆ (23 ಮಾರ್ಚ್ 1907 – 8 ಏಪ್ರಿಲ್ 1992) ಸ್ವಿಟ್ಜರ್ಲೆಂಡಿನಲ್ಲಿ ಜನಿಸಿ ಮುಂದೆ ಇಟಲಿಯ ಪೌರತ್ವ ಪಡೆದ ಔಷಧ ವಿಜ್ಞಾನಿ. ದೇಹದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕದ ಕ್ರಿಯೆಯನ್ನು ತಡೆಯುವ ಮೊದಲ ಸಂಯುಕ್ತವನ್ನು 1937ರಲ್ಲಿ ಕಂಡುಹಿಡಿದವರು. ಸಲ್ಫಾ ಔಷಧಗಳು ಹಾಗೂ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಸ್ನಾಯು ಸಡಿಲಕಗಳ ಬೆಳವಣಿಗೆಯಲ್ಲಿಯೂ ಇವರ ಪಾತ್ರ ಹಿರಿದು. 1957ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಇವರಿಗೆ ಲಭಿಸಿತು.

ಜನನ ಮತ್ತು ಶಿಕ್ಷಣ

ಬೋವೆ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ನಗರದಲ್ಲಿ ಜನಿಸಿದರು. ತಂದೆ ಪಿಯರ್ ಬೋವೆ ಮನೋವಿಜ್ಞಾನಿ, ಶಿಕ್ಷಣತಜ್ಞ ಮತ್ತು ಜಿನೀವಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ. ಎಸ್ಪೆರಾಂಟೊ ಭಾಷೆಯನ್ನು ಬಾಲ್ಯದಿಂದಲೇ ಮನೆಮಾತಾಗಿ ಕಲಿತ ಕೆಲವೇ ಮಂದಿಯಲ್ಲಿ ಡೇನಿಯಲ್ ಒಬ್ಬರು. ಜಿನೀವಾದಲ್ಲಿ ವಿಜ್ಞಾನ ಪದವಿ ಪಡೆದ ಇವರು 1929ರಲ್ಲಿ ಪ್ರಾಣಿಶಾಸ್ತ್ರ ಹಾಗೂ ತುಲನಾತ್ಮಕ ಅಂಗರಚನಾಶಾಸ್ತ್ರದ ಪ್ರಬಂಧಕ್ಕೆ ಡಾಕ್ಟರೇಟ್ ಗಳಿಸಿದರು. ಅದೇ ವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಅರ್ನೆಸ್ಟ್ ಫೂರ್ನೊ ಅವರ ಚಿಕಿತ್ಸಾ ರಸಾಯನಶಾಸ್ತ್ರ ಪ್ರಯೋಗಾಲಯವನ್ನು ಸೇರಿ 1947ರವರೆಗೆ ಅಲ್ಲಿ ದುಡಿದರು.

ಸಲ್ಫಾ ಔಷಧ

1935ರಲ್ಲಿ ಜರ್ಮನಿಯ ಗೆರ್ಹಾರ್ಡ್ ಡೊಮಾಕ್, ಪ್ರಾಂಟೊಸಿಲ್ ಎಂಬ ಕೆಂಪು ಬಣ್ಣದ ವಸ್ತುವು ಸ್ಟ್ರೆಪ್ಟೊಕಾಕಸ್ ಸೋಂಕನ್ನು ಗುಣಪಡಿಸುತ್ತದೆಂದು ಪ್ರಕಟಿಸಿದರು. ಆದರೆ ಪ್ರನಾಳದಲ್ಲಿ ಅದು ಬ್ಯಾಕ್ಟೀರಿಯಗಳ ಮೇಲೆ ಪರಿಣಾಮ ಬೀರುತ್ತಿರಲಿಲ್ಲ. ಬೋವೆ, ಟ್ರೆಫುಯೆಲ್ ದಂಪತಿ ಮತ್ತು ಫೆಡೆರಿಕೊ ನಿಟ್ಟಿ ಸೇರಿ ಇದರ ಕಾರಣವನ್ನು ಬಿಡಿಸಿದರು. ಪ್ರಾಂಟೊಸಿಲ್ ದೇಹದೊಳಗೆ ಒಡೆದು ಸಲ್ಫನಿಲಮೈಡ್ ಎಂಬ ಬಣ್ಣವಿಲ್ಲದ ವಸ್ತುವನ್ನು ಬಿಡುಗಡೆ ಮಾಡುತ್ತದೆ, ರೋಗಾಣುಗಳನ್ನು ತಡೆಯುವುದು ಆ ವಸ್ತುವೇ ಎಂಬುದು ಸ್ಪಷ್ಟವಾಯಿತು. ಸಲ್ಫನಿಲಮೈಡ್ 1908ರಷ್ಟು ಹಿಂದೆಯೇ ತಯಾರಾಗಿದ್ದ ಸಂಯುಕ್ತವಾದ್ದರಿಂದ ಅದರ ಮೇಲೆ ಹೊಸ ಹಕ್ಕುಸ್ವಾಮ್ಯ ಸಾಧ್ಯವಿರಲಿಲ್ಲ. ಹೀಗಾಗಿ ಅಗ್ಗದ ಔಷಧವಾಗಿ ಅದು ಬೇಗನೆ ಹರಡಿತು.

ಹಿಸ್ಟಮಿನ್ ಸಮಸ್ಯೆ

ಹಿಸ್ಟಮಿನ್ ದೇಹದಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲದಿಂದ ಉಂಟಾಗುತ್ತದೆ. ಇದು ಚರ್ಮ, ಶ್ವಾಸಕೋಶ ಮತ್ತು ಕರುಳಿನಲ್ಲಿರುವ ಮಾಸ್ಟ್ ಕೋಶಗಳಲ್ಲಿ ಸಂಗ್ರಹವಾಗಿರುತ್ತದೆ. ಒಗ್ಗದ ವಸ್ತು ದೇಹವನ್ನು ಪ್ರವೇಶಿಸಿ ಈ ಕೋಶಗಳ ಮೇಲಿನ ಪ್ರತಿಕಾಯಗಳಿಗೆ ಅಂಟಿಕೊಂಡಾಗ ಹಿಸ್ಟಮಿನ್ ಹೊರಚೆಲ್ಲುತ್ತದೆ. ಆಗ ಕಿರುರಕ್ತನಾಳಗಳು ಹಿಗ್ಗಿ ಚರ್ಮ ಕೆಂಪಾಗುತ್ತದೆ, ನಾಳಗಳ ಗೋಡೆಯಿಂದ ದ್ರವ ಸೋರಿ ಊತ ಬರುತ್ತದೆ, ನರಗಳ ತುದಿ ಕೆರಳಿ ತುರಿಕೆಯಾಗುತ್ತದೆ, ಶ್ವಾಸನಾಳಗಳು ಸಂಕುಚಿಸುತ್ತವೆ. ಇಡೀ ದೇಹದಲ್ಲಿ ಏಕಕಾಲಕ್ಕೆ ಹೀಗಾದರೆ ರಕ್ತದೊತ್ತಡ ಕುಸಿದು ಪ್ರಾಣಾಪಾಯವಾಗಬಹುದು. ಇಂಗ್ಲೆಂಡಿನ ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೈಡ್ಲಾ 1910ರಲ್ಲಿಯೇ ಹಿಸ್ಟಮಿನ್‌ನ ಪರಿಣಾಮಗಳನ್ನು ವಿವರಿಸಿದ್ದರೂ ಅದನ್ನು ತಡೆಯುವ ಔಷಧ ಕಾಲು ಶತಮಾನ ಕಳೆದರೂ ದೊರೆತಿರಲಿಲ್ಲ.

ದೇಹದ ಮತ್ತೊಂದು ರಾಸಾಯನಿಕವಾದ ಅಸಿಟೈಲ್‌ಕೋಲಿನ್‌ಗೆ ಅಟ್ರೊಪಿನ್ ಎದುರಾಳಿಯಾಗಿತ್ತು. ಅಡ್ರೆನಲಿನ್‌ನ ಕೆಲವು ಪರಿಣಾಮಗಳನ್ನು ತಡೆಯುವ ವಸ್ತುಗಳೂ ತಿಳಿದಿದ್ದವು. ಹಾಗಿದ್ದರೆ ಹಿಸ್ಟಮಿನ್‌ಗೂ ಎದುರಾಳಿ ಇರಬೇಕೆಂಬುದು ಬೋವೆಯವರ ತರ್ಕ. ಫೂರ್ನೊ ಪ್ರಯೋಗಾಲಯದಲ್ಲಿ ತಯಾರಾಗಿದ್ದ ಸಂಯುಕ್ತಗಳನ್ನು ಅವರು ಗಿನಿಯಿಲಿಗಳ ಮೇಲೆ ಪರೀಕ್ಷಿಸಿದರು. 1937ರಲ್ಲಿ ಆನ್-ಮರಿ ಸ್ಟೌಬ್ ಅವರೊಡನೆ, 929 ಎಫ್ ಎಂಬ ಸಂಯುಕ್ತವು ಮಾರಕ ಪ್ರಮಾಣದ ಹಿಸ್ಟಮಿನ್‌ನಿಂದ ಗಿನಿಯಿಲಿಗಳನ್ನು ಕಾಪಾಡುತ್ತದೆಂದು ತೋರಿಸಿದರು.

929 ಎಫ್ ವಿಷಕಾರಿಯಾಗಿದ್ದರಿಂದ ಅದನ್ನು ಮನುಷ್ಯರಿಗೆ ಕೊಡುವಂತಿರಲಿಲ್ಲ. ಆದರೆ ಹಿಸ್ಟಮಿನ್ ಅನ್ನು ತಡೆಯಬಹುದೆಂಬುದು ಅದರಿಂದ ಸಿದ್ಧವಾಯಿತು. ಇದೇ ದಾರಿಯಲ್ಲಿ ಬರ್ನಾರ್ಡ್ ಹಾಲ್ಪರ್ನ್ 1942ರಲ್ಲಿ ರೋಗಿಗಳಿಗೆ ಕೊಡಬಹುದಾದ ಆಂಟರ್ಗಾನ್ ಔಷಧವನ್ನು ವರದಿ ಮಾಡಿದರು. 1944ರಲ್ಲಿ ಬೋವೆ ಮತ್ತು ಸಹೋದ್ಯೋಗಿಗಳು ಮೆಪಿರಮಿನ್ ಅನ್ನು ಪರಿಚಯಿಸಿದರು.

ಔಷಧ ಕೆಲಸ ಮಾಡುವ ಬಗೆ

ಈ ಔಷಧಗಳು ಹಿಸ್ಟಮಿನ್ ಅನ್ನು ನಾಶಮಾಡುವುದಿಲ್ಲ, ಅದರ ಬಿಡುಗಡೆಯನ್ನೂ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ಜೀವಕೋಶದ ಮೇಲೆ ಹಿಸ್ಟಮಿನ್ ಕೂರಬೇಕಾದ ಎಚ್1 ಗ್ರಾಹಕವನ್ನು ತಾವೇ ಆಕ್ರಮಿಸಿ ಅದನ್ನು ನಿಷ್ಕ್ರಿಯ ಸ್ಥಿತಿಯಲ್ಲಿ ಹಿಡಿದಿಡುತ್ತವೆ. ಆದ್ದರಿಂದ ಲಕ್ಷಣಗಳು ಬಲಿಯುವ ಮೊದಲೇ ಸೇವಿಸಿದರೆ ಗುಣ ಹೆಚ್ಚು. ತೀವ್ರ ಅಲರ್ಜಿ ಆಘಾತದಲ್ಲಿ ಹಿಸ್ಟಮಿನ್ ಜೊತೆಗೆ ಬೇರೆ ರಾಸಾಯನಿಕಗಳೂ ಪಾಲ್ಗೊಳ್ಳುವುದರಿಂದ ಇವು ಮಾತ್ರ ಸಾಲವು, ಅಲ್ಲಿ ಅಡ್ರೆನಲಿನ್ ಚುಚ್ಚುಮದ್ದೇ ಮೊದಲ ಚಿಕಿತ್ಸೆ. ಹಳೆಯ ಔಷಧಗಳು ಮಿದುಳನ್ನು ತಲುಪಿ, ಎಚ್ಚರವನ್ನು ಕಾಯುವ ಹಿಸ್ಟಮಿನ್‌ನ ಕೆಲಸವನ್ನೂ ತಡೆಯುವುದರಿಂದ ನಿದ್ದೆ ತರಿಸುತ್ತವೆ. ಜಠರದಲ್ಲಿ ಆಮ್ಲ ಸ್ರವಿಸುವಂತೆ ಮಾಡುವ ಎಚ್2 ಗ್ರಾಹಕದ ಮೇಲೆ ಇವು ಪರಿಣಾಮ ಬೀರುವುದಿಲ್ಲ. ಅದನ್ನು ತಡೆಯುವ ಔಷಧಗಳನ್ನು 1970ರ ದಶಕದಲ್ಲಿ ಜೇಮ್ಸ್ ಬ್ಲ್ಯಾಕ್ ಮತ್ತು ತಂಡದವರು ರೂಪಿಸಿದರು.

ರೋಮ್‌ನಲ್ಲಿ

1947ರಲ್ಲಿ ಬೋವೆ ರೋಮ್‌ನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ತೆರಳಿ ಅಲ್ಲಿ ಔಷಧ ವಿಜ್ಞಾನ ಪ್ರಯೋಗಾಲಯವನ್ನು ಕಟ್ಟಿದರು. ದಕ್ಷಿಣ ಅಮೆರಿಕದ ಮೂಲನಿವಾಸಿಗಳು ಬಾಣದ ತುದಿಗೆ ಹಚ್ಚುತ್ತಿದ್ದ ಕ್ಯುರಾರೆ ವಿಷವು ಸ್ನಾಯುಗಳನ್ನು ನಿಶ್ಚಲಗೊಳಿಸುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಅದು ಉಪಯುಕ್ತವಾಗಿದ್ದರೂ ಸಸ್ಯಮೂಲದ ಸಾರದ ಬಲ ಒಂದೊಂದು ಬಾರಿ ಒಂದೊಂದು ರೀತಿ ಇರುತ್ತಿತ್ತು. ಅದರ ಬದಲಿಗೆ ಬೋವೆ ಗ್ಯಾಲಮೀನ್ ಎಂಬ ಕೃತಕ ಸಂಯುಕ್ತವನ್ನು ಬಳಕೆಗೆ ತಂದರು. ಸಕ್ಸಿನೈಲ್‌ಕೋಲಿನ್‌ಗೆ ಸ್ನಾಯು ಸಡಿಲಿಸುವ ಗುಣವಿದೆಯೆಂದೂ ತೋರಿಸಿದರು. ಕೆಲವೇ ನಿಮಿಷಗಳಲ್ಲಿ ರಕ್ತದಲ್ಲಿ ಕರಗಿಹೋಗುವ ಈ ಔಷಧ, ಅರಿವಳಿಕೆಯ ವೇಳೆ ಉಸಿರಾಟದ ನಳಿಕೆ ಇಳಿಸಲು ಇಂದಿಗೂ ಬಳಕೆಯಲ್ಲಿದೆ.

1964ರಲ್ಲಿ ಸಾರ್ಡೀನಿಯದ ಸಸ್ಸಾರಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1971ರಿಂದ ರೋಮ್ ವಿಶ್ವವಿದ್ಯಾಲಯದಲ್ಲಿ ಮನೋಜೀವಶಾಸ್ತ್ರವನ್ನು ಬೋಧಿಸಿದರು. ಇಲಿಗಳ ಕಲಿಕೆ ಮತ್ತು ನೆನಪಿನಲ್ಲಿ ಅನುವಂಶೀಯತೆಯ ಪಾತ್ರ ಕೊನೆಯ ವರ್ಷಗಳ ಸಂಶೋಧನೆಯ ವಿಷಯವಾಗಿತ್ತು.

ವೈಯಕ್ತಿಕ ಜೀವನ

ಬೋವೆ 1938ರಲ್ಲಿ ಫಿಲೊಮೆನಾ ನಿಟ್ಟಿ ಅವರನ್ನು ವಿವಾಹವಾದರು. ಆಕೆ ಇಟಲಿಯ ಮಾಜಿ ಪ್ರಧಾನಿ ಫ್ರಾನ್ಚೆಸ್ಕೊ ಸವೇರಿಯೊ ನಿಟ್ಟಿ ಅವರ ಮಗಳು, ಸಹೋದ್ಯೋಗಿ ಫೆಡೆರಿಕೊ ಅವರ ಸಹೋದರಿ. ನಿಟ್ಟಿ ಕುಟುಂಬ ಫ್ಯಾಸಿಸ್ಟ್ ಆಡಳಿತದಿಂದಾಗಿ ದೇಶಬಿಟ್ಟು ಪ್ಯಾರಿಸ್ಸಿನಲ್ಲಿ ನೆಲೆಸಿತ್ತು. ಸ್ವತಃ ವಿಜ್ಞಾನಿಯಾಗಿದ್ದ ಫಿಲೊಮೆನಾ ಪತಿಯ ಅನೇಕ ಸಂಶೋಧನಾ ಪ್ರಬಂಧಗಳ ಸಹಲೇಖಕಿ. ಬೋವೆ 1992ರಲ್ಲಿ ರೋಮ್‌ನಲ್ಲಿ ನಿಧನರಾದರು.