ಹೊವಾರ್ಡ್ ಫ್ಲೋರಿ (1898–1968): ಪೆನಿಸಿಲಿನ್ ಮತ್ತು ಅದನ್ನು ಮೊದಲು ಪಡೆದ ಮಕ್ಕಳು

ಮಕ್ಕಳಿಗೆ ತೀವ್ರ ಸ್ವರೂಪದ ಬ್ಯಾಕ್ಟೀರಿಯಾ ಸೋಂಕು ತಗುಲಿದಾಗ ಪ್ರತಿಜೈವಿಕ ಔಷಧಿಯನ್ನು ರಕ್ತನಾಳದ ಮೂಲಕ ನೀಡುವ ಪದ್ಧತಿ ಇಂದು ಸರ್ವಸಾಮಾನ್ಯವಾಗಿದೆ. ಇದಕ್ಕೆ ಬುನಾದಿ ಹಾಕಿದವರಲ್ಲಿ ಪ್ರಮುಖರಾದ ಹೊವಾರ್ಡ್ ಫ್ಲೋರಿಯವರ ಜೀವನ ವಿವರವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಫ್ಲೋರಿಯವರು 1898ರ ಸೆಪ್ಟೆಂಬರ್ 24ರಂದು ಆಸ್ಟ್ರೇಲಿಯಾದ ಅಡಿಲೇಡ್ ನಗರದಲ್ಲಿ ಜನಿಸಿದರು. ಅಲ್ಲಿ ವೈದ್ಯಕೀಯ ವ್ಯಾಸಂಗ ಮಾಡಿ, ರೋಡ್ಸ್ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ತೆರಳಿದರು. 1935ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೋಗಶಾಸ್ತ್ರದ ಪ್ರಾಧ್ಯಾಪಕರಾದರು. ಪೆನಿಸಿಲಿನ್ ಎಂದೊಡನೆ ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ಹೆಸರು ನೆನಪಾಗುವುದು ಸಹಜ. 1928ರಲ್ಲಿ ಬೂಷ್ಟಿನ ಈ ಗುಣವನ್ನು ಗುರುತಿಸಿದವರು ಅವರೇ. ಆದರೆ ಅದನ್ನು ರೋಗಿಗೆ ಕೊಡಬಹುದಾದ ಔಷಧಿಯಾಗಿ ರೂಪಿಸಿದ್ದು ಫ್ಲೋರಿ, ಚೈನ್ ಹಾಗೂ ಹೀಟ್ಲಿ ಅವರಿದ್ದ ಆಕ್ಸ್‌ಫರ್ಡ್ ತಂಡ.

1940ರ ಮೇ 25ರಂದು ಎಂಟು ಇಲಿಗಳಿಗೆ ಮಾರಕ ಸೋಂಕು ತಗುಲಿಸಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ನೀಡಲಾಯಿತು. ಮರುದಿನ ಬೆಳಿಗ್ಗೆ ಔಷಧಿ ಪಡೆಯದ ನಾಲ್ಕೂ ಸತ್ತಿದ್ದವು. ಮಾನವರಿಗೆ ಇದು ಸುರಕ್ಷಿತವೇ ಎಂಬುದು ಮುಂದಿನ ಪ್ರಶ್ನೆಯಾಯಿತು. 1941ರ ಜನವರಿಯಲ್ಲಿ, ಗುಣವಾಗದ ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಮಹಿಳೆಯೊಬ್ಬರು ಒಪ್ಪಿಗೆ ನೀಡಿ ಈ ಚುಚ್ಚುಮದ್ದು ಪಡೆದರು. ಅವರಿಗೆ ಚಳಿ ಜ್ವರ ಬಂದಿತು. ಕಾರಣ ಪೆನಿಸಿಲಿನ್ ಅಲ್ಲ, ಅದರಲ್ಲಿ ಉಳಿದಿದ್ದ ಕಲ್ಮಶ ಎಂದು ತಿಳಿದ ಬಳಿಕ ಔಷಧಿಯನ್ನು ಮತ್ತಷ್ಟು ಶುದ್ಧೀಕರಿಸಲಾಯಿತು.

ಫೆಬ್ರವರಿಯಲ್ಲಿ ಸೋಂಕಿತ ಪೊಲೀಸ್ ಪೇದೆಯೊಬ್ಬರಿಗೆ ರಕ್ತನಾಳದ ಮೂಲಕ ಚಿಕಿತ್ಸೆ ಆರಂಭವಾಯಿತು. ಅವರು ಚೇತರಿಸಿಕೊಳ್ಳುತ್ತಿರುವಾಗಲೇ, ಐದು ದಿನಗಳಲ್ಲಿ ದಾಸ್ತಾನು ಮುಗಿಯಿತು. ಅವರ ಮೂತ್ರದಿಂದಲೂ ಪೆನಿಸಿಲಿನ್ ಬೇರ್ಪಡಿಸಿ ಮರುಬಳಕೆ ಮಾಡಲಾಗಿತ್ತು, ಅದೂ ಸಾಲಲಿಲ್ಲ. ಸೋಂಕು ಮರುಕಳಿಸಿ ಮಾರ್ಚ್‌ನಲ್ಲಿ ಅವರು ನಿಧನರಾದರು.

ತರುವಾಯ ತಂಡವು ಹೆಚ್ಚಾಗಿ ಮಕ್ಕಳತ್ತ ಗಮನ ಹರಿಸಿತು. ದೇಹ ಚಿಕ್ಕದಾದುದರಿಂದ ಕಡಿಮೆ ಔಷಧಿ ಸಾಕು. ಇದ್ದಷ್ಟರಲ್ಲೇ ಚಿಕಿತ್ಸೆ ಪೂರ್ಣಗೊಳಿಸಬಹುದು ಎಂಬ ಲೆಕ್ಕಾಚಾರ ಇದರ ಹಿಂದಿತ್ತು. ಪೇದೆಯೂ ಸೇರಿ ಮೊದಲ ಆರು ಗಂಭೀರ ರೋಗಿಗಳಲ್ಲಿ ನಾಲ್ವರು ಮಕ್ಕಳು: 15 ಮತ್ತು 14 ವರ್ಷದ ಬಾಲಕರು, ನಾಲ್ಕೂವರೆ ವರ್ಷದ ಬಾಲಕ, ಹಾಗೂ ಔಷಧಿಯನ್ನು ಬಾಯಿಯ ಮೂಲಕ ಪಡೆದ ಆರು ತಿಂಗಳ ಶಿಶು. ಮೂಳೆಯ ಸೋಂಕು ರಕ್ತಕ್ಕೂ ಹರಡಿದ್ದ 14 ವರ್ಷದ ಬಾಲಕ ಗುಣಮುಖನಾದನು. ದಡಾರದ ನಂತರ ತಲೆಯೊಳಗೆ ಸೋಂಕು ಹರಡಿದ್ದ ನಾಲ್ಕೂವರೆ ವರ್ಷದ ಬಾಲಕನೂ ಚೇತರಿಸಿಕೊಂಡು ಮಾತನಾಡುವಂತಾಗಿದ್ದನು. ಆದರೆ ಸೋಂಕಿನಿಂದ ಮೊದಲೇ ದುರ್ಬಲಗೊಂಡಿದ್ದ ರಕ್ತನಾಳ ಮೆದುಳಿನಲ್ಲಿ ಒಡೆದು ಅಸುನೀಗಿದನು. ಮರಣೋತ್ತರ ಪರೀಕ್ಷೆಯಲ್ಲಿ ಸೋಂಕು ಬಹುಮಟ್ಟಿಗೆ ನಿವಾರಣೆಯಾಗಿದ್ದುದು ಕಂಡುಬಂದಿತು. ಔಷಧಿ ಫಲಕಾರಿಯಾಗಿತ್ತು, ಮಗು ಉಳಿಯಲಿಲ್ಲ. ಈ ಪ್ರಕರಣವನ್ನೂ ಮರೆಮಾಚದೆ 1941ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಲಾಯಿತು.

ಈ ಔಷಧಿಯ ಪ್ರಮಾಣವನ್ನು ಮಕ್ಕಳಿಗೆ ಇಂದಿಗೂ ದೇಹತೂಕದ ಆಧಾರದ ಮೇಲೆ ನಿಗದಿಪಡಿಸಲಾಗುತ್ತದೆ. ಅಂದು ಆ ಕೆಲವೇ ರೋಗಿಗಳಲ್ಲಿ ಗೋಚರಿಸದ ಅಪಾಯವೊಂದು ನಂತರ ತಿಳಿದುಬಂದಿತು. ಕೆಲವರಿಗೆ ಪೆನಿಸಿಲಿನ್ ಒಗ್ಗುವುದಿಲ್ಲ. ವಿರಳವಾಗಿ ಪ್ರಾಣಾಪಾಯವೂ ಆಗಬಹುದು. ಆದ್ದರಿಂದ ಮಗುವಿಗೆ ಈ ಹಿಂದೆ ಔಷಧಿಯಿಂದ ದದ್ದು ಅಥವಾ ಉಸಿರಾಟದ ತೊಂದರೆ ಉಂಟಾಗಿದ್ದಲ್ಲಿ ಪೋಷಕರು ಚುಚ್ಚುಮದ್ದಿಗೆ ಮುನ್ನವೇ ವೈದ್ಯರಿಗೆ ತಿಳಿಸತಕ್ಕದ್ದು.

ಯುದ್ಧಕಾಲದ ಇಂಗ್ಲೆಂಡಿನಲ್ಲಿ ದೊಡ್ಡ ಪ್ರಮಾಣದ ಉತ್ಪಾದನೆ ಸಾಧ್ಯವಾಗದ ಕಾರಣ, ಫ್ಲೋರಿ ಮತ್ತು ಹೀಟ್ಲಿ 1941ರಲ್ಲಿ ಅಮೆರಿಕಕ್ಕೆ ತೆರಳಿ ಅಲ್ಲಿನ ನೆರವು ಪಡೆದರು. ಫ್ಲೋರಿಯವರ ಪತ್ನಿ, ವೈದ್ಯೆ ಎಥೆಲ್, ಆಕ್ಸ್‌ಫರ್ಡ್‌ನಲ್ಲಿ ಮುಂದಿನ ಚಿಕಿತ್ಸಾ ಪ್ರಯೋಗಗಳನ್ನು ನಡೆಸಿದರು. 1945ರಲ್ಲಿ ಫ್ಲೋರಿ, ಫ್ಲೆಮಿಂಗ್ ಹಾಗೂ ಚೈನ್ ಅವರಿಗೆ ನೊಬೆಲ್ ಪ್ರಶಸ್ತಿಯನ್ನು ಹಂಚಲಾಯಿತು.

ಫ್ಲೋರಿಯವರು 1968ರ ಫೆಬ್ರವರಿ 21ರಂದು ಆಕ್ಸ್‌ಫರ್ಡ್‌ನಲ್ಲಿ ನಿಧನರಾದರು. 1973ರಿಂದ 1995ರವರೆಗೆ ಆಸ್ಟ್ರೇಲಿಯಾದ 50 ಡಾಲರ್ ನೋಟಿನ ಮೇಲೆ ಅವರ ಭಾವಚಿತ್ರವನ್ನು ಮುದ್ರಿಸಲಾಗುತ್ತಿತ್ತು.