ಕೊಬ್ಬರಿ ವಿಮಾನ ಹತ್ತುವುದಿಲ್ಲ ಏಕೆ? ಉತ್ತರದ ದಾರಿಯಲ್ಲಿ ಸಿಗುವ ಜೆ.ಆರ್.ಡಿ. ಟಾಟಾ

ತುರುವೇಕೆರೆ ಕಡೆಯ ನಮ್ಮತ್ತೆ ಸಿಂಗಪುರದ ಮಗಳ ಮನೆಗೆ ಹೊರಟಾಗ ಸೂಟ್‌ಕೇಸಿನ ತಳದಲ್ಲಿ ಹತ್ತು ಉಂಡೆ ಕೊಬ್ಬರಿ ಇಟ್ಟಿದ್ದರು. ನಿಲ್ದಾಣದಲ್ಲಿ ಪೆಟ್ಟಿಗೆ ತೆಗೆಸಿ ಹತ್ತನ್ನೂ ಹೊರಗಿಟ್ಟರು. ವರ್ಷದ ಹತ್ತಿರ ಅಟ್ಟದ ಮೇಲೆ ಒಣಗಿದ್ದ ಕೊಬ್ಬರಿ ನನ್ನ ಕೈಚೀಲ ಸೇರಿ ಊರಿಗೆ ವಾಪಸಾಯಿತು. ಅದರ ಹಿಂದೆಯೇ ಊರಲ್ಲಿ ಕಾರಣಗಳೂ ಹುಟ್ಟಿದವು. ಎಕ್ಸ್‌ರೇಯಲ್ಲಿ ಬಾಂಬಿನ ಹಾಗೆ ಕಾಣುತ್ತದಂತೆ ಎಂದರು ಒಬ್ಬರು. ನಮ್ಮ ಬೆಳೆಗೆ ಹೊರದೇಶದವರು ಹಾಕಿದ ಅಡ್ಡಗಾಲು ಎಂದರು ಇನ್ನೊಬ್ಬರು.

ಮೊದಲನೆಯದು ಸುಳ್ಳು. ಕೊಬ್ಬರಿಗೆ ತಡೆ ಇರುವುದು ಬೆಂಕಿಯ ಭಯದಿಂದ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ. ಸರಿಯಾಗಿ ಒಣಗದೆ ತೇವ ಉಳಿದ ಕೊಬ್ಬರಿಯನ್ನು ರಾಶಿ ಹಾಕಿದರೆ ಒಳಗೆ ಸೂಕ್ಷ್ಮಜೀವಿಗಳು ಬೆಳೆದು ಕಾವು ಹುಟ್ಟುತ್ತದೆ, ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರುವಾಗಲೂ ಕಾವು ಹುಟ್ಟುತ್ತದೆ. ರಾಶಿಯ ನಡುವಿನ ಕಾವಿಗೆ ಹೊರಹೋಗಲು ದಾರಿಯಿಲ್ಲದಿದ್ದರೆ ಅದು ಏರುತ್ತಲೇ ಹೋಗುತ್ತದೆ. ಬೆಂಕಿಕಡ್ಡಿ ಗೀರದೆಯೂ ಹೊತ್ತಿಕೊಳ್ಳಬಹುದು. ಹೀಗಾಗಿ ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಗೆ 1363 ಎಂಬ ಸಂಖ್ಯೆಯಿದೆ, ತಾನಾಗಿಯೇ ಹೊತ್ತಿಕೊಳ್ಳಬಲ್ಲ ವಸ್ತುಗಳ 4.2ನೇ ವರ್ಗದಲ್ಲಿ ಜಾಗವಿದೆ. ನಮ್ಮತ್ತೆಯ ಹತ್ತು ಉಂಡೆ ಹೊತ್ತಿಕೊಳ್ಳುವ ಸಂಭವ ತೀರಾ ಕಡಿಮೆ ಎನ್ನುವುದು ನಿಜ. ಕಾಯಿ ಅಲ್ಲಾಡಿಸಿ ಒಳಗೆ ಗಿಟುಕು ಆಡುವ ಸದ್ದಿನಿಂದಲೇ ನಮ್ಮವರು ಹದ ಹೇಳಿಬಿಡುತ್ತಾರೆ. ನಿಲ್ದಾಣದ ಕೌಂಟರಿನಲ್ಲಿ ಆ ಕಿವಿ ಇರುವುದಿಲ್ಲ. ಹಾರುವ ವಿಮಾನದ ಸರಕು ಕೋಣೆಗೆ ಇಳಿದು ನೋಡುವವರೂ ಇಲ್ಲ.

ಎರಡನೆಯ ಕಾರಣವನ್ನು ಹೀಗೆ ಒಂದೇ ಮಾತಿನಲ್ಲಿ ತಳ್ಳಿಹಾಕಲಾಗದು. ವಿಮಾನದಲ್ಲಿ ಏನು ಹೋಗಬಹುದು, ಏನು ಹೋಗಬಾರದು ಎಂದು ವಿಮಾನ ಕಂಪನಿಗಳು ಕೈಯಲ್ಲಿಟ್ಟುಕೊಳ್ಳುವ ಪುಸ್ತಕ ಐಎಟಿಎಯದು, ಅಂದರೆ ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘದ್ದು. ಅದರ ಮೊದಲ ಆವೃತ್ತಿ ಬಂದದ್ದು 1956ರಲ್ಲಿ. ಎರಡೇ ವರ್ಷಗಳ ನಂತರ, 1958ರಲ್ಲಿ, ಆ ಸಂಘದ ಮಹಾಸಭೆ ದೆಹಲಿಯಲ್ಲಿ ನಡೆಯಿತು. ಅಧ್ಯಕ್ಷರು ಭಾರತದವರೇ ಆದ ಜಹಾಂಗೀರ್ ರತನ್‌ಜಿ ದಾದಾಭಾಯ್ ಟಾಟಾ.

ಜೆ.ಆರ್.ಡಿ. ಹುಟ್ಟಿದ್ದು 1904ರ ಜುಲೈ 29ರಂದು, ಪ್ಯಾರಿಸ್‌ನಲ್ಲಿ. ತಂದೆ ಪಾರ್ಸಿ, ತಾಯಿ ಫ್ರೆಂಚ್. ರಜೆಯಲ್ಲಿ ಮನೆಯವರು ಹೋಗುತ್ತಿದ್ದ ಹಾರ್ಡೆಲೋ ಎಂಬ ಕಡಲತೀರದಲ್ಲಿ ಲೂಯಿ ಬ್ಲೇರಿಯೊನ ಮನೆಯೂ ಇತ್ತು. 1909ರಲ್ಲಿ ಇಂಗ್ಲಿಷ್ ಕಾಲುವೆಯನ್ನು ಮೊದಲ ಬಾರಿ ವಿಮಾನದಲ್ಲಿ ದಾಟಿದವನು ಆತ. ಅಲ್ಲಿಯ ಮರಳಿನ ಮೇಲೆ ಇಳಿಯುತ್ತಿದ್ದ ವಿಮಾನಗಳನ್ನು ನೋಡುತ್ತ ಹುಡುಗನಿಗೆ ಹಾರಾಟದ ಹುಚ್ಚು ಹಿಡಿಯಿತು. 15ನೇ ವಯಸ್ಸಿನಲ್ಲಿ ಅಲ್ಲೇ ಒಂದು ಸುತ್ತು ಹಾರಿಯೂ ಬಂದ.

1929ರ ಫೆಬ್ರವರಿ 10ರಂದು ಅವರಿಗೆ ಪೈಲಟ್ ಪರವಾನಗಿ ಸಿಕ್ಕಿತು. ಭಾರತದಲ್ಲಿ ಕೊಟ್ಟ ಪರವಾನಗಿಗಳಲ್ಲಿ ಅದು ಒಂದನೆಯದು. ಇದರಿಂದಲೇ ವಿಮಾನ ಹಾರಿಸಿದ ಮೊದಲ ಭಾರತೀಯ ಅವರೇ ಎಂಬ ಮಾತು ಹರಡಿದೆ. ಅದು ಸರಿಯಲ್ಲ. ಇಂದ್ರಲಾಲ್ ರಾಯ್ ಮತ್ತು ಹರ್ದಿತ್ ಸಿಂಗ್ ಮಲಿಕ್ ಮೊದಲ ಮಹಾಯುದ್ಧದಲ್ಲೇ ಬ್ರಿಟಿಷ್ ವಾಯುದಳದಲ್ಲಿ ಹಾರಿದ್ದರು.

ಮುಂದಿನ ವರ್ಷ ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಬ್ಬರೇ ಹಾರುವ ಆಗಾ ಖಾನ್ ಸ್ಪರ್ಧೆ. ಎದುರು ದಿಕ್ಕಿನಿಂದ ಬರುತ್ತಿದ್ದ ಆಸ್ಪಿ ಇಂಜಿನಿಯರ್ ಎಂಬ ಯುವಕ ಈಜಿಪ್ಟಿನ ಅಬೂಕಿರ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲದೆ ಸಿಕ್ಕಿಕೊಂಡಿದ್ದ. ಜೆ.ಆರ್.ಡಿ. ತಮ್ಮಲ್ಲಿದ್ದುದನ್ನು ಕೊಟ್ಟರು. ಗೆದ್ದವನು ಆಸ್ಪಿ. ಆತನೇ ಮುಂದೆ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು.

1932ರ ಅಕ್ಟೋಬರ್ 15ರಂದು ಟಾಟಾ ಅಂಚೆ ವಿಮಾನ ಶುರುವಾಯಿತು. ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬಯಿಯ ಜುಹುವಿಗೆ ಜೆ.ಆರ್.ಡಿ. ಸ್ವತಃ ಪುಸ್ ಮಾತ್ ವಿಮಾನ ಹಾರಿಸಿದರು. ಒಳಗಿದ್ದದ್ದು ಸುಮಾರು 25 ಕಿಲೋ ಅಂಚೆ. ಮದ್ರಾಸಿನವರೆಗೂ ಅವರೇ ಹಾರಿಸಿದರು ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಮುಂಬಯಿಯಿಂದ ಮುಂದೆ ಅಂಚೆ ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ರಾತ್ರಿ ತಂಗಿದ್ದು ನಮ್ಮ ಬಳ್ಳಾರಿಯಲ್ಲಿ, ಮದ್ರಾಸು ಮುಟ್ಟಿದ್ದು ಮರುದಿನ.

1944ರ ಡಿಸೆಂಬರ್‌ನಲ್ಲಿ ಷಿಕಾಗೊದಲ್ಲಿ ಸೇರಿದ ಸರ್ಕಾರಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಇನ್ನೂ ಬ್ರಿಟಿಷರ ಕೈಯಲ್ಲಿದ್ದ ಭಾರತದ ಸಹಿಯೂ ಅದರಲ್ಲಿತ್ತು. ಆ ಒಪ್ಪಂದದಿಂದ ಹುಟ್ಟಿದ್ದು ಐಸಿಎಒ, ಸರ್ಕಾರಗಳ ಸಂಸ್ಥೆ. 1945ರ ಏಪ್ರಿಲ್‌ನಲ್ಲಿ ಹವಾನಾದಲ್ಲಿ ಹುಟ್ಟಿದ್ದು ಐಎಟಿಎ, ಅದು ಕಂಪನಿಗಳ ಸಂಘ. ಹೆಸರು ಹತ್ತಿರ ಹತ್ತಿರ ಇರುವುದರಿಂದ ಓದಿದವರೂ ಎರಡನ್ನೂ ಕಲಸುತ್ತಾರೆ. ಐಎಟಿಎ ಶುರುವಾದಾಗ 31 ದೇಶಗಳ 57 ಕಂಪನಿಗಳು ಸದಸ್ಯರಾಗಿದ್ದವು. ಪೇಟೆಯಲ್ಲಿ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಎಳೆಯುವವರೇ ಅಲ್ಲಿ ಒಂದೇ ಮೇಜಿಗೆ ಕೂರುತ್ತಾರೆ. ಒಂದು ಕಂಪನಿಯ ವಿಮಾನದಿಂದ ಇಳಿದ ಪೆಟ್ಟಿಗೆ ಇನ್ನೊಂದು ಕಂಪನಿಯ ವಿಮಾನ ಹತ್ತಬೇಕಾದರೆ ಟಿಕೆಟ್ಟು, ಚೀಟಿ, ಹಣದ ಲೆಕ್ಕ ಎಲ್ಲವೂ ಇಬ್ಬರಿಗೂ ಒಂದೇ ಭಾಷೆಯಲ್ಲಿರಬೇಕು. ನಿಮ್ಮ ಲಗೇಜಿಗೆ ಅಂಟಿಸುವ ಬಿಎಲ್‌ಆರ್ ಎಂಬ ಮೂರಕ್ಷರ ಈ ಸಂಘದ್ದೇ. ಟಿಕೆಟ್ ದರವನ್ನೂ ಆಗೆಲ್ಲ ಅಲ್ಲೇ ಒಪ್ಪಿಕೊಳ್ಳುತ್ತಿದ್ದರು. ಅದು ಗಿರಾಕಿಗಳ ತಲೆಗೆ ಕಟ್ಟುವ ಕೂಟ ಎಂಬ ಟೀಕೆ ಬಂದದ್ದು ಅನ್ಯಾಯವೇನಲ್ಲ. ಆದರೆ ನಾಲ್ಕಾರು ವಿಮಾನಗಳ ಏರ್ ಇಂಡಿಯಾದಂಥ ಕಂಪನಿಗೆ ಅಮೆರಿಕದ ಪ್ಯಾನ್ ಆಮ್, ಬ್ರಿಟನ್ನಿನ ಬಿಒಎಸಿಗಳಂಥ ದೊಡ್ಡವರ ಎದುರು ಮಾತಾಡಲು ಸಿಕ್ಕ ಜಾಗವೂ ಅದೇ.

1948ರ ಜೂನ್ 8ರ ರಾತ್ರಿ ಮಲಬಾರ್ ಪ್ರಿನ್ಸೆಸ್ ವಿಮಾನ ಮುಂಬಯಿಯಿಂದ ಕೈರೊ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹೊರಟಿತು. ಜೆ.ಆರ್.ಡಿ. ಅದರಲ್ಲಿದ್ದರು. ಐದು ವರ್ಷದಲ್ಲಿ, 1953ರಲ್ಲಿ, ಸರ್ಕಾರ ವಿಮಾನ ಕಂಪನಿಗಳನ್ನೆಲ್ಲ ತನ್ನದಾಗಿಸಿಕೊಂಡಿತು. ತಮ್ಮನ್ನು ಕೇಳದೆ ತೀರ್ಮಾನಿಸಿದರೆಂಬ ನೋವು ಅವರಿಗಿತ್ತು. ಆದರೂ ಏರ್ ಇಂಡಿಯಾದ ಅಧ್ಯಕ್ಷ ಸ್ಥಾನವನ್ನು ಸಂಬಳವಿಲ್ಲದೆ ಒಪ್ಪಿಕೊಂಡರು. ಕೈತಪ್ಪಿದ ಕಂಪನಿಯ ಕಿಟಕಿ ಪರದೆ, ಚಹಾದ ಬಣ್ಣ, ಕೌಂಟರಿನ ಮೇಲಿನ ಧೂಳಿನವರೆಗೂ ಚೀಟಿ ಬರೆದು ಕಳಿಸುವ ಮನುಷ್ಯನನ್ನು ಕೆಳಗಿನವರು ಹೇಗೆ ಸಹಿಸಿಕೊಂಡರೋ!

ದೆಹಲಿಯ ಆ ಸಭೆಯಲ್ಲಿ ಅಧ್ಯಕ್ಷರಾಗಿ ಕೂತದ್ದು ಇಂಥ ಮನುಷ್ಯ. ಜೆಟ್ ವಿಮಾನಗಳು ಬರುತ್ತಿದ್ದ ಹೊತ್ತು ಅದು. ಏರ್ ಇಂಡಿಯಾಕ್ಕೆ 1960ರಲ್ಲಿ ಬೋಯಿಂಗ್ 707 ಬಂತು. ವೇಗ ಹೆಚ್ಚಿತು, ಸರಕೂ ಹೆಚ್ಚಿತು, ಅಪಾಯದ ಸರಕಿಗೆ ಎಲ್ಲ ದೇಶಗಳಲ್ಲೂ ಒಂದೇ ನಿಯಮ ಬೇಕಾಯಿತು. 1956ರ ಪುಸ್ತಕ ಆವೃತ್ತಿಯಿಂದ ಆವೃತ್ತಿಗೆ ಬೆಳೆಯಿತು. 1981ರಲ್ಲಿ ಐಸಿಎಒ ಅಪಾಯಕಾರಿ ಸರಕಿಗೆಂದೇ ತನ್ನ 18ನೇ ಅನುಬಂಧವನ್ನು ಅಂಗೀಕರಿಸಿ, ಅದನ್ನು ಸರ್ಕಾರಗಳ ಹೊಣೆಯಾಗಿಸಿತು. ಕೊಬ್ಬರಿಯ ಸಾಲನ್ನು ಜೆ.ಆರ್.ಡಿ. ಬರೆದರು ಎಂದು ನಾನು ಹೇಳುತ್ತಿಲ್ಲ. ಹೊರದೇಶದವರು ಬಾಗಿಲು ಹಾಕಿಕೊಂಡು ಬರೆದರು ಎಂಬುದಷ್ಟೇ ಸುಳ್ಳು. ಆ ಮೇಜಿನಲ್ಲಿ ಭಾರತದ ಕುರ್ಚಿ ಮೊದಲಿನಿಂದಲೂ ಇತ್ತು.

1978ರ ಜನವರಿ 1ರಂದು ಏರ್ ಇಂಡಿಯಾದ ಬೋಯಿಂಗ್ 747 ಮುಂಬಯಿ ಸಮುದ್ರಕ್ಕೆ ಬಿದ್ದು 213 ಜನ ಸತ್ತರು. ಮರುತಿಂಗಳು ಮೊರಾರ್ಜಿ ದೇಸಾಯಿ ಸರ್ಕಾರ ಜೆ.ಆರ್.ಡಿ. ಅವರನ್ನು ಅಧ್ಯಕ್ಷ ಸ್ಥಾನದಿಂದ ತೆಗೆಯಿತು. ಆ ಸುದ್ದಿ ಅವರಿಗೆ ಗೊತ್ತಾದದ್ದು ಸರ್ಕಾರದಿಂದಲ್ಲ, ತಮ್ಮ ಜಾಗಕ್ಕೆ ಬರಲಿದ್ದ ಪಿ.ಸಿ. ಲಾಲ್ ಅವರಿಂದ. 1982ರ ಅಕ್ಟೋಬರ್ 15ಕ್ಕೆ ಅಂಚೆ ವಿಮಾನಕ್ಕೆ 50 ವರ್ಷ. 78ರ ಮುದುಕ ಲೆಪರ್ಡ್ ಮಾತ್ ಎಂಬ ಹಳೆಯ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಮತ್ತೆ ಒಬ್ಬರೇ ಹಾರಿಸಿಕೊಂಡು ಬಂದರು. 1986ರಲ್ಲಿ ಐಸಿಎಒ ತನ್ನ ಎಡ್ವರ್ಡ್ ವಾರ್ನರ್ ಪ್ರಶಸ್ತಿ ಕೊಟ್ಟಿತು, 1992ರಲ್ಲಿ ಭಾರತ ರತ್ನ ಬಂತು. 1993ರ ನವೆಂಬರ್ 29ರಂದು ಅವರು ತೀರಿಕೊಂಡದ್ದು ಜಿನೀವಾದಲ್ಲಿ, ಸಮಾಧಿ ಪ್ಯಾರಿಸ್‌ನಲ್ಲಿ.

ಇನ್ನೊಂದು ಪ್ರಶ್ನೆಯನ್ನೂ ಊರಲ್ಲಿ ಕೇಳುತ್ತಾರೆ: ಅಯ್ಯಪ್ಪನ ಭಕ್ತರಿಗೆ ಬಿಡುತ್ತಾರಲ್ಲ, ನಮಗೇಕಿಲ್ಲ? 2024ರ ಅಕ್ಟೋಬರ್‌ನಲ್ಲಿ ಭಾರತದ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ ಇರುಮುಡಿಯೊಳಗಿನ ತೆಂಗಿನಕಾಯಿಯನ್ನು ಕ್ಯಾಬಿನ್‌ಗೆ ಒಯ್ಯಲು 2025ರ ಜನವರಿ 20ರವರೆಗೆ ಅನುಮತಿ ಕೊಟ್ಟಿತ್ತು, ಅದೂ ಎಕ್ಸ್‌ರೇ ಮತ್ತು ಕೈತಪಾಸಣೆ ಆದ ಮೇಲೆ. ಆ ಸಡಿಲಿಕೆ ಇದ್ದದ್ದು ಇರುಮುಡಿಯ ಕಾಯಿಗೆ. ಉಂಡೆ ಕೊಬ್ಬರಿ ಈಗಲೂ 4.2ರಲ್ಲೇ ಇದೆ.